ಮತ್ತಿ ಸಸಿಗಳ ಮುಂದೆ ಕೂತದ್ದು

ಚೈತ್ರಾ, ಮನು, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ರಸ್ತೆಯನ್ನು ಬೈಯಿರಿ.

ತರೀಕೆರೆ ದಾಟಿ ಗುಡ್ಡದ ದಾರಿಯಲ್ಲಿ ಬಸ್ಸು ಪಂಕ್ಚರ್ ಆಯಿತು. ಪಕ್ಕದಲ್ಲೇ ದೊಡ್ಡ ಮತ್ತಿ ಮರಗಳನ್ನು ಕಡಿದಿದ್ದರು. ಟ್ರ್ಯಾಕ್ಟರಿನವನು ದಿಮ್ಮಿಗಳಿಗೆ ಸರಪಳಿ ಬಿಗಿದು, ಒಂದೊಂದನ್ನೂ ಒಂದೊಂದು ಕಡೆಯಿಂದ ರಸ್ತೆಗೆ ಎಳೆಯುತ್ತಿದ್ದ. ಕಡಿದ ಬುಡಗಳ ಸುತ್ತ ಗೇಣುದ್ದದ ಮತ್ತಿ ಸಸಿಗಳು ರಾಗಿ ಪೈರಿನಂತೆ ಒತ್ತಾಗಿ ಎದ್ದಿದ್ದವು. ದಿಮ್ಮಿ ಹಾದಲ್ಲೆಲ್ಲ ಬೇರುಸಮೇತ ಕಿತ್ತು ಬಿದ್ದಿದ್ದವು.

ನಿಮ್ಮ ತಾತ ಎತ್ತು ಕಟ್ಟಿ ಇದೇ ಕೆಲಸ ಮಾಡುತ್ತಿದ್ದರು. ಎಷ್ಟೇ ದಿಮ್ಮಿ ಇದ್ದರೂ ಎಲ್ಲವನ್ನೂ ಒಂದೇ ಜಾಡಿನಲ್ಲಿ ಎಳೆಯುತ್ತಿದ್ದರು. ಉಳಿದ ನೆಲದಲ್ಲಿ ಕಾಡು ತಾನಾಗಿಯೇ ಬರುತ್ತಿತ್ತು.

ನಾಲ್ಕು ಜನರ ಮುಂದೆ ಬಾಯಿ ಬಿಡದ ನಾನು ಹೋಗಿ ಸಸಿಗಳ ಮುಂದೆ ಕೂತೆ.

“ಏಳಜ್ಜಿ, ದಿಮ್ಮಿ ಬತ್ತದೆ,” ಅಂದ ಅವನು.

“ಆಗ್ಲೇ ದಿಮ್ಮಿ ಎಳ್ದಿರೋ ಹಳೇ ಜಾಡಲ್ಲೇ ಎಳ್ಕೊಂಡು ಹೋಗಪ್ಪ.”

“ಸುತ್ತಾಯ್ತದೆ. ಇವೆಲ್ಲ ಎಲ್ಲಿ ಮರ ಆಯ್ತವೆ? ದನ ಬಂದು ತಿಂತವೆ.”

“ದನ ತುದಿ ತಿಂತದೆ ಕಣಪ್ಪ, ನೀನು ಬೇರು ಕೀಳ್ತೀಯ.”

ಬಸ್ಸು ಹೊರಡುತ್ತದೆಂದು ಕಂಡಕ್ಟರ್ ಎರಡು ಸಲ ಕೂಗಿದ. ನಾನು ಏಳಲಿಲ್ಲ. ಕೊನೆಗೆ ಟ್ರ್ಯಾಕ್ಟರಿನವನು ಗೊಣಗುತ್ತ, ಉಳಿದಿದ್ದ ಎರಡು ದಿಮ್ಮಿಗಳನ್ನೂ ಹಳೇ ಜಾಡಿನಲ್ಲೇ ಎಳೆದ.

“ಇವು ಮರ ಆಗೋದನ್ನ ನೀನೇನು ನೋಡ್ತೀಯಾ ಅಜ್ಜಿ?” ಅಂತ ಹಂಗಿಸಿದ.

“ನಮ್ಮ ಮೊಮ್ಮಕ್ಕಳು ಬಂದು ನೋಡ್ತಾರೆ,” ಅಂದೆ.

ಗುಡ್ಡ ಹತ್ತುವಾಗ ಮೊದಲನೇ ತಿರುವು, ಎಡಗಡೆ. ನಿಮ್ಮ ಪರವಾಗಿ ಮಾತು ಕೊಟ್ಟು ಬಂದಿದ್ದೇನೆ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.