ಪಕ್ಕದ ಸೀಟಿನ ಅಳತೆ

ಅವರನ್ನು ಎಲ್ಲರೂ ಕುಲುಕು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳಿದವರಲ್ಲ, ಕಾರಿನ ಸಸ್ಪೆನ್ಷನ್ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಕೈಹಾಕದ ಮೆಕ್ಯಾನಿಕ್. ಯಾರದೇ ಕಾರು ಬರಲಿ, ಮೊದಲು ಅದರ ಒಂದು ಮೂಲೆಗೆ ಎರಡೂ ಅಂಗೈ ಊರಿ ಜೋರಾಗಿ ಅದುಮಿ ಬಿಡುತ್ತಿದ್ದರು. ಕಾರು ಕುಣಿದು ಎಷ್ಟು ಬೇಗ ತೆಪ್ಪಗಾಗುತ್ತದೆ ಎನ್ನುವುದರ ಮೇಲೆ ಯಾವ ಚಕ್ರದ ಶಾಕ್ ಅಬ್ಸಾರ್ಬರ್ ಕೈಕೊಟ್ಟಿದೆ ಎಂದು ಹೇಳುತ್ತಿದ್ದರು. ಅವರ ಗ್ಯಾರೇಜು ಇದ್ದದ್ದು ರೈಲು ಸೇತುವೆಯ ಕಮಾನಿನ ಕೆಳಗೆ. ಮೇಲೆ ರೈಲು ಹೋದಾಗಲೆಲ್ಲ ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು ಕಿಣಿಕಿಣಿ ಎನ್ನುತ್ತಿದ್ದವು. ಗಿರಾಕಿಗಳು ಮಾತು ನಿಲ್ಲಿಸಿ ರೈಲು ದಾಟುವವರೆಗೂ ಕಾಯುತ್ತಿದ್ದರು.

ಹೆಚ್ಚಾಗಿ ಬರುತ್ತಿದ್ದವರು ಹುಡುಗರು. ಕಾರು ತಗ್ಗಬೇಕು, ಸ್ಪ್ರಿಂಗು ಗಟ್ಟಿಯಾಗಬೇಕು, ತಿರುವಿನಲ್ಲಿ ಒಂದಿಷ್ಟೂ ವಾಲಬಾರದು ಎನ್ನುವವರು. ಮೇಷ್ಟ್ರಿಗೂ ಅದೇ ಹುಚ್ಚು. ಅವರ ಸ್ವಂತ ನೀಲಿ ಕಾರಿಗೆ ಕಂಪನಿಯ ಸ್ಪ್ರಿಂಗುಗಳನ್ನು ಕಿತ್ತು ಎಷ್ಟು ಗಟ್ಟಿಯವನ್ನು ಹಾಕಿದ್ದರೆಂದರೆ, ಚಕ್ರದ ಕೆಳಗೆ ಬೆಂಕಿಕಡ್ಡಿ ಸಿಕ್ಕರೂ ಕೂತವರ ಬೆನ್ನುಮೂಳೆಗೆ ಸುದ್ದಿ ಮುಟ್ಟುತ್ತಿತ್ತು. ಅದೇ ಕಾರು ತಿರುವಿಗೆ ಹೊರಳಿದರೆ ಮಾತ್ರ ನೆಲ ಕಚ್ಚಿಕೊಂಡು ಹೋಗುತ್ತಿತ್ತು. ಅದು ಅವರ ಹೆಮ್ಮೆ.

ಅಂಥವರ ಹೆಂಡತಿ ಅವರ ಕಾರು ಹತ್ತುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಅವರನ್ನು ಬೆಟ್ಟದ ಮೇಲಿನ ಊರಿಗೆ, ಆಕೆಯ ತಂಗಿಯ ಮನೆಗೆ, ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಹೊಸ ಹೆಂಡತಿಗೆ ತಮ್ಮ ಕೈಚಳಕ ತೋರಿಸುವ ಉಮೇದು. ತಿರುವು ಬಂದಂತೆಲ್ಲ ಇವರ ಉತ್ಸಾಹ ಏರಿತು, ಅವರ ಹೊಟ್ಟೆ ತೊಳಸಿತು. ಆಕೆ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ತಂಗಿಯ ಮನೆ ತಲುಪಿದ ಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ವಾಪಸು ಬಂದವರೇ ನಿಮ್ಮ ಕಾರಿಗೊಂದು ದೊಡ್ಡ ನಮಸ್ಕಾರ ಎಂದುಬಿಟ್ಟರು. ಬಸ್ಸಿನಲ್ಲಿ ಆ ಬೆಟ್ಟ ಹತ್ತುವ ಧೈರ್ಯವೂ ಅವರಿಗೆ ಉಳಿಯಲಿಲ್ಲ. ಆಮೇಲೆ ತಂಗಿಯೇ ವರ್ಷಕ್ಕೊಮ್ಮೆ ಕೆಳಗಿಳಿದು ಬಂದು ಅಕ್ಕನ ಜೊತೆ ಇದ್ದು ಹೋಗುವುದು ರೂಢಿಯಾಯಿತು.

ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಬೀದಿಯ ಅರ್ಧ ಮಕ್ಕಳ ಶಾಲೆಯ ಸಮವಸ್ತ್ರ ಅವರ ಕೈಯದೇ. ಗಂಡ ಕಾರುಗಳ ಸೊಂಟ ಸರಿ ಮಾಡುತ್ತಾನೆ, ನಾನು ಮನುಷ್ಯರ ಸೊಂಟದ ಅಳತೆ ತೆಗೆಯುತ್ತೇನೆ ಎಂದು ನಗುತ್ತಿದ್ದರು.

ಹೀಗಿರುವಾಗ ತಂಗಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದಳಾದರೂ ವಾಕರ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುವುದೇ ದೊಡ್ಡ ಮಾತಾಯಿತು. ಇನ್ನು ಕೆಳಗಿಳಿದು ಬರುವ ಮಾತೇ ಇಲ್ಲ. ಅಕ್ಕ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ಮುಗಿದ ಮೇಲೆ ಮೆಷಿನ್ನಿನ ಮುಂದೆ ಕೂತರೂ ಪೆಡಲ್ ತುಳಿಯುತ್ತಿರಲಿಲ್ಲ. ಊಟಕ್ಕೆ ಬಂದ ಮೇಷ್ಟ್ರು ಇದನ್ನು ಕೆಲವು ಸಲ ಕಂಡರು. ಏನೂ ಕೇಳಲಿಲ್ಲ.

ಗ್ಯಾರೇಜಿಗೆ ಹೋಗಿ ನೀಲಿ ಕಾರನ್ನು ಜಾಕಿನ ಮೇಲೆ ಏರಿಸಿದರು. ಗಟ್ಟಿ ಸ್ಪ್ರಿಂಗುಗಳನ್ನು ಬಿಚ್ಚಿ, ಸಿಕ್ಕವುಗಳಲ್ಲೇ ಅತಿ ಮೆತ್ತಗಿನವನ್ನು ಹಾಕಿದರು. ಕಾರು ವಾಲದಂತೆ ಎಡಬಲದ ಚಕ್ರಗಳನ್ನು ಬೆಸೆಯುವ ದಪ್ಪ ಕಂಬಿಯನ್ನೂ ಕಳಚಿಟ್ಟರು. ಎಲ್ಲ ಮುಗಿದ ಮೇಲೆ ಮನೆ ಮುಂದೆ ತಂದು ನಿಲ್ಲಿಸಿ, ಈಗ ಹತ್ತಿ ನೋಡು, ಹಾಸಿಗೆಯ ಹಾಗಿದೆ ಎಂದರು. ಆಕೆ ಅನುಮಾನದಿಂದಲೇ ಕೂತರು. ಕಾರು ತೊಟ್ಟಿಲಿನಂತೆ ತೂಗುತ್ತ ಹೊರಟಿತು. ಅಂಚೆ ಕಚೇರಿಯ ಮೂಲೆ ತಿರುಗುವಷ್ಟರಲ್ಲಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದರು.

ಫುಟ್‌ಪಾತಿನ ಅಂಚಿನಲ್ಲಿ ಕೂತು ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದ ಹೆಂಡತಿಯ ಮುಂದೆ ಮೇಷ್ಟ್ರು ಪೆಚ್ಚುಮೋರೆ ಹಾಕಿಕೊಂಡು ನಿಂತರು. ಇದಕ್ಕಿಂತ ಮೆತ್ತಗೆ ಮಾಡಲು ಆಗುವುದೇ ಇಲ್ಲ ಎಂದು ಗೊಣಗಿದರು. ಆಕೆ ತಲೆಯೆತ್ತಿ ನೋಡಿದರು.

"ರೀ, ನಾನು ಅಳತೆ ತಗೊಳ್ದೆ ಯಾರಿಗಾದ್ರೂ ಬಟ್ಟೆ ಹೊಲಿದು ಕೊಟ್ಟಿದ್ದೀನಾ? ನೀವು ಒಂದು ಸಲನಾದ್ರೂ ನನಗೆ ಹೇಗಾಗುತ್ತೆ ಅಂತ ಕೇಳಿದ್ದೀರಾ?"

ಮೇಷ್ಟ್ರು ಅವರ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತರು. "ಹೇಳು ಈಗ. ಹೇಗಾಗುತ್ತೆ?"

ಆಕೆ ಯೋಚಿಸಿ ಹೇಳಿದರು. "ಗುಂಡಿಗೆ ಬಿದ್ದಾಗ ಏನೂ ಆಗಲ್ಲ. ಬಿದ್ದ ಮೇಲೆ ಕಾರು ಮೇಲಕ್ಕೆದ್ದು, ನಿಧಾನಕ್ಕೆ ಕೆಳಗಿಳಿಯುತ್ತಲ್ಲ, ಆಗ ಹೊಟ್ಟೆ ಮಾತ್ರ ಮೇಲೇ ಉಳ್ಕೊಂಡುಬಿಡುತ್ತೆ. ಹಳೇದು ತಲೆ ಕುಟ್ಟಿ ಕುಟ್ಟಿ ಸುಸ್ತು ಮಾಡ್ತಿತ್ತು. ಇದು ತೂಗಿ ತೂಗಿ ಸಾಯಿಸ್ತಿದೆ. ಇನ್ನೊಂದು. ನೀವು ಬ್ರೇಕನ್ನ ಜಿರಲೆ ಮೆಟ್ಟೋ ಹಾಗೆ ಮೆಟ್ತೀರಿ."

ಮರುದಿನ ಮೇಷ್ಟ್ರು ಪಕ್ಕದ ಗ್ಯಾರೇಜಿನ ಪೇಂಟರನ್ನು ಕರೆದು ಕಾರು ಓಡಿಸಲು ಹೇಳಿದರು. ತಾವು ಹೆಂಡತಿಯ ಜಾಗದಲ್ಲಿ ಕಣ್ಣು ಮುಚ್ಚಿ ಕೂತರು. ಇಷ್ಟು ವರ್ಷ ಆ ಕಾರಿನಲ್ಲಿ ಅವರು ಸ್ಟಿಯರಿಂಗ್ ಬಿಟ್ಟು ಬೇರೆಡೆ ಕೂತವರೇ ಅಲ್ಲ. ಮಾರುಕಟ್ಟೆ ದಾಟುವ ಮೊದಲೇ ನಿಲ್ಲಿಸಪ್ಪ ಎಂದು ಕೆಳಗಿಳಿದು ದೀಪದ ಕಂಬ ಹಿಡಿದು ನಿಂತರು. ಪೇಂಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಷ್ಟ್ರಿಗೆ ನಗು ಬರಲಿಲ್ಲ. ಅಂದು ಬೆಟ್ಟದ ದಾರಿಯಲ್ಲಿ, ಒಂದು ಮಾತೂ ಆಡದೆ ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ಹುಡುಗಿಯ ಕೈ ಅವರ ಕಣ್ಣಮುಂದೆ ಬಂತು.

ಮತ್ತೆ ಕಾರು ಜಾಕಿನ ಮೇಲೆ ಏರಿತು. ಈ ಸಲ ಅತ್ತ ಗಟ್ಟಿಯೂ ಅಲ್ಲದ, ಇತ್ತ ಮೆತ್ತಗೂ ಅಲ್ಲದ ಸ್ಪ್ರಿಂಗುಗಳು. ಕಳಚಿಟ್ಟ ಕಂಬಿಯ ಜಾಗಕ್ಕೆ ಅದಕ್ಕಿಂತ ತೆಳ್ಳಗಿನದು. ಬಿಗಿತವನ್ನು ಬೇಕಾದಂತೆ ಹೊಂದಿಸಲು ತಿರುಪು ಇರುವ ಹೊಸ ಶಾಕ್ ಅಬ್ಸಾರ್ಬರುಗಳನ್ನು ಹುಡುಕಿ ತರಿಸಿದರು. ಕಾರು ಎದ್ದ ಮೇಲೆ ಎಷ್ಟು ಬೇಗ ಸುಮ್ಮನಾಗಬೇಕು ಎನ್ನುವುದು ಆ ತಿರುಪಿನಲ್ಲಿತ್ತು. ಆದರೆ ಎಷ್ಟು ತಿರುಗಿಸಬೇಕೆಂದು ಹೇಳಬೇಕಾದವರು ಮನೆಯಲ್ಲಿದ್ದರು.

ಸಂಜೆ ಆಕೆ ಮೆಷಿನ್ನಿಗೆ ಮುಸುಕು ಹೊದಿಸಿ ಹೊರಗೆ ಬರುತ್ತಿದ್ದರು. ಬೀದಿಯ ಕೊನೆಯವರೆಗೆ ಹೋಗಿ ಬರುವುದು, ಆಕೆ ತೀರ್ಪು ಕೊಡುವುದು. ಮುಂದೆ ಸ್ವಲ್ಪ ಬಿಗಿಯಾಯಿತು, ರವಿಕೆ ಕಂಕುಳಲ್ಲಿ ಹಿಡಿದ ಹಾಗಿದೆ ಎನ್ನುವರು. ಹಿಂದೆ ಸಡಿಲ, ಇನ್ನೊಂದು ಹೊಲಿಗೆ ಹಾಕಿ ಎನ್ನುವರು. ಮೇಷ್ಟ್ರು ರಸ್ತೆಯಲ್ಲೇ ಮಂಡಿಯೂರಿ ತಿರುಪು ತಿರುಗಿಸಿ, ಮಂಡಿಯ ಧೂಳು ಕೊಡವಿಕೊಂಡು ಮತ್ತೆ ಹೊರಡುವರು. ಬ್ರೇಕ್ ಒತ್ತುವಾಗ ಪಕ್ಕದ ಮುಖವನ್ನು ಒಮ್ಮೆ ನೋಡುವುದು ಅಭ್ಯಾಸವಾಯಿತು. ಎದುರುಮನೆಯವರು ವರಾಂಡದಲ್ಲಿ ನಿಂತು, ಈ ವಯಸ್ಸಿನಲ್ಲಿ ಇವರದೊಂದು ಹೊಸ ಸಂಸಾರ ನೋಡು ಎಂದು ಹಾಸ್ಯ ಮಾಡಿದರು. ಆಕೆ ಕೇಳಿಸಿಕೊಂಡು ನಾಚಿದರು, ಆದರೆ ಮರುದಿನ ಇನ್ನೂ ಬೇಗ ಮುಸುಕು ಹೊದಿಸಿದರು.

ಕೊನೆಗೆ ಒಂದು ದಿನ ಆಕೆಯೇ, ನಾಳೆ ಬೆಟ್ಟಕ್ಕೆ ಹೋಗೋಣ ಎಂದರು. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡೇ ಕಾರು ಹತ್ತಿದರು. ಏರು ಶುರುವಾಯಿತು. ಮೇಷ್ಟ್ರು ತಿರುವಿಗೆ ಮುಂಚೆಯೇ ವೇಗ ಇಳಿಸಿ, ಕಾರನ್ನು ಅದರ ಪಾಡಿಗೆ ತಿರುಗಲು ಬಿಟ್ಟರು. ಕಾರು ಹೊರಕ್ಕೆ ಎಳೆಯಲಿಲ್ಲ, ತೂಗಲೂ ಇಲ್ಲ. ಗುಂಡಿ ಬಂದಾಗ ಒಮ್ಮೆ ಹೂಂ ಎಂದಂತೆ ಇಳಿದೆದ್ದು ಅಲ್ಲಿಗೆ ಸುಮ್ಮನಾಯಿತು. ಮೇಷ್ಟ್ರು ಓರೆಗಣ್ಣಿನಲ್ಲಿ ನೋಡಿದರೆ ಆಕೆ ಕಿಟಕಿಯ ಗಾಜು ಇಳಿಸಿಕೊಂಡು ಹೊರಗೆ ನೋಡುತ್ತಿದ್ದಾರೆ.

"ಅಲ್ಲೊಂದು ನೀರು ಬೀಳ್ತಿದೆ ನೋಡಿ. ಆಗಲೂ ಇತ್ತಾ ಇದು?"

"ಇತ್ತು ಕಣೇ."

"ನಾನು ನೋಡೇ ಇರ್ಲಿಲ್ಲ."

ಮೇಷ್ಟ್ರು ರಸ್ತೆಯ ಅಗಲ ನೋಡಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಇಬ್ಬರೂ ಇಳಿದು, ಆಕೆಗೆ ಸಾಕು ಅನ್ನಿಸುವವರೆಗೂ ಆ ನೀರನ್ನು ನೋಡುತ್ತ ನಿಂತರು.

ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದ ತಂಗಿಗೆ ಅಕ್ಕ ನೆಟ್ಟಗೆ ನಡೆದು ಬರುವುದನ್ನು ಕಂಡು ನಂಬಿಕೆಯೇ ಬರಲಿಲ್ಲ. ಅಕ್ಕತಂಗಿಯರು ಕೈ ಹಿಡಿದುಕೊಂಡು ಅತ್ತರು. ಆಮೇಲೆ ಮಾತಿಗೆ ಶುರುವಿಟ್ಟವರು ಊಟವನ್ನೂ ಮರೆತರು. ಮೇಷ್ಟ್ರು ತಾವೇ ಅಡುಗೆಮನೆ ಹೊಕ್ಕು, ಸಿಕ್ಕಿದ್ದನ್ನು ಬಿಸಿ ಮಾಡಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ಆಕೆ ಗಂಡನನ್ನು ಪಕ್ಕಕ್ಕೆ ಕರೆದರು. ಆಸ್ಪತ್ರೆಯಿಂದ ಆಂಬುಲೆನ್ಸಿನಲ್ಲಿ ಬರುವಾಗ ಪ್ರತಿ ಕುಲುಕಿಗೂ ತಂಗಿ ಪ್ರಾಣ ಹೋದಂತೆ ಕೂಗಿದ್ದಳಂತೆ. ಅಂದಿನಿಂದ ಅವಳು ಮನೆಯ ಗೇಟು ದಾಟಿಲ್ಲ, ಗಾಡಿ ಎಂದರೆ ಸಾಕು ಬೆವರುತ್ತಾಳೆ ಎಂದರು. ಮೇಷ್ಟ್ರು ನಾದಿನಿಯ ಹತ್ತಿರ ಹೋಗಿ ಕೂತು, ಯಾವ ಕಡೆ ನೋವು, ಕಾಲು ಚಾಚಿದರೆ ಹಿತವೋ ಮಡಚಿದರೆ ಹಿತವೋ, ಕುಲುಕು ಕೆಳಗಿನಿಂದ ಬಂದರೆ ಹೆಚ್ಚೋ ಪಕ್ಕದಿಂದ ಬಂದರೆ ಹೆಚ್ಚೋ ಎಂದು ಒಂದೊಂದಾಗಿ ಕೇಳಿದರು. ನೀವೇನು ಡಾಕ್ಟರಾ ಭಾವ ಎಂದು ಅವಳು ನಕ್ಕಳು. ನಗುತ್ತಲೇ ಎಲ್ಲ ಹೇಳಿದಳು.

ಅವಳನ್ನು ಊರಿನ ಕೆರೆಗೆ ಒಂದು ಸುತ್ತು ಕರೆದೊಯ್ಯುವುದೆಂದಾಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ಭಾರ ಬೇರೆ. ಮೇಷ್ಟ್ರು ಹಿಂದಿನ ಚಕ್ರಗಳ ತಿರುಪು ಹೊಂದಿಸಿದರು, ಟೈರಿನ ಗಾಳಿ ತುಸು ಇಳಿಸಿದರು, ಸೀಟಿನ ಮೇಲೆ ದಿಂಬು ಜೋಡಿಸಿದರು. ಅಕ್ಕ ತಂಗಿಯ ಸೊಂಟಕ್ಕೆ ಕೈ ಕೊಟ್ಟು ಕೂರಿಸಿ, ಪಕ್ಕದಲ್ಲಿ ತಾವೂ ಕೂತರು. ಕಾರು ಗೇಟು ದಾಟುವಾಗ ತಂಗಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಗೇಟಿನ ಮುಂದಿನ ಚರಂಡಿ ಕಲ್ಲು ಬಂತು, ಹೋಯಿತು. ಅವಳು ಒಂದು ಕಣ್ಣು ಬಿಟ್ಟು, ದಾಟಿತಾ ಎಂದು ಕೇಳಿದಳು.

ಕೆರೆಯ ಸುತ್ತಿನ ರಸ್ತೆಯಲ್ಲಿ ಮೇಷ್ಟ್ರು ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಂಡು ಓಡಿಸಿದರು. ಹಿಂದೆ ಅಕ್ಕತಂಗಿಯರು, ಯಾರ ಮನೆಗೆ ಹೊಸ ಬಣ್ಣ, ಯಾವ ಅಂಗಡಿ ಮುಚ್ಚಿತು ಎಂದು ಬೆರಳು ತೋರಿಸಿಕೊಂಡು ಬಂದರು. ಸುತ್ತು ಮುಗಿದು ಮನೆಯ ರಸ್ತೆಗೆ ಹೊರಳಬೇಕೆನ್ನುವಾಗ ಹಿಂದಿನಿಂದ ಮೆಲ್ಲಗೆ ಕೇಳಿಸಿತು.

"ಭಾವ, ಇನ್ನೊಂದು ಸುತ್ತು ಹೋಗೋಣ್ವಾ?"

ಮೇಷ್ಟ್ರು ಇಂಡಿಕೇಟರ್ ಆರಿಸಿ ನೇರ ಹೋದರು.