ಗಂಟಿನ ಕೆಳಗಿನ ಚಿಗುರು

ಪರ್ವತಸಾಲಿನ ಬೆನ್ನಿಗೆ ಬೆಳಕು ಬಂದಿದೆ, ತೋಟಕ್ಕಿನ್ನೂ ಇಳಿದಿಲ್ಲ. ನೊಲ್ಫಾ ಕಾರ್ಕಮೊ ಕಬ್ಬಿಣದ ಗೇಟು ತೆರೆದು, ಶಾಲು ಬಿಗಿದು, ಗುಲಾಬಿ ಪಾತಿಗಳ ನಡುವೆ ನೀರಿನ ಪೈಪು ಎಳೆಯುತ್ತಾರೆ. ಪ್ರತಿ ಗಿಡದ ಬುಡದಲ್ಲೂ ಒಂದು ಹೆಣ್ಣಿನ ಹೆಸರಿದೆ. ನೀರು ಬಿಡುವ ಮುನ್ನ ಆ ಹೆಸರು ಕೂಗುತ್ತಾರೆ. ಉತ್ತರವೂ ಅವರದೇ: "ಹಾಜರ್."

ಸಾಂತಿಯಾಗೊ ನಗರದ ಅಂಚಿನ ಈ ಉದ್ಯಾನ ಸೈನ್ಯದ ಆಳ್ವಿಕೆಯಲ್ಲಿ ಸೆರೆಮನೆಯಾಗಿತ್ತು. ಕಣ್ಣು ಕಟ್ಟಿ ಕರೆತಂದ ಹೆಂಗಸರಲ್ಲಿ ಹಲವರು ಹೊರಗೆ ಹೋಗಲೇ ಇಲ್ಲ. ಆಮೇಲೆ ಮನೆಯವರು ಬಂದು ಒಬ್ಬೊಬ್ಬಳ ಹೆಸರಲ್ಲೂ ಗುಲಾಬಿ ನೆಟ್ಟರು. ವರ್ಷಕ್ಕೊಮ್ಮೆ ನೆನಪಿನ ದಿನ ಹೆಸರು ಕೂಗಿದಾಗ ನೆರೆದವರೆಲ್ಲ "ಹಾಜರ್" ಎನ್ನುವುದು ವಾಡಿಕೆ.

ನೊಲ್ಫಾ ದಕ್ಷಿಣದ ಮಳೆನಾಡಿನವರು. ಹುಡುಗಿಯಾಗಿದ್ದಾಗ ಮನೆಗೆಲಸಕ್ಕೆ ಪಟ್ಟಣ ಸೇರಿ, ಯಜಮಾನರ ತೋಟದಲ್ಲಿ ಕತ್ತರಿ ಹಿಡಿಯಲು ಕಲಿತು, ಆಮೇಲೆ ಇಲ್ಲಿಗೆ ಮಾಲಿಯಾಗಿ ಬಂದರು. "ಕೆಳಗೆ ಕಾಡುಗುಲಾಬಿ ಬೇರು, ಮೇಲೆ ಊರ ಗುಲಾಬಿ ಕಸಿ. ದುಡಿತ ಕಾಡಿಂದು, ಹೆಸರು ಊರಿಂದು. ನಮ್ಮನ್ನೂ ಹಂಗೇ ತಾನೆ ಇಲ್ಲಿಗೆ ತಂದಿದ್ದು?" ಎಂದು ನಗುತ್ತಾರೆ. ಕಸಿ ಕೂಡಿದ ಗಂಟಿನ ಕೆಳಗೆ ಚಿಗುರು ಬಂದರೆ ಕತ್ತರಿಸಬೇಕು. ಇಲ್ಲದಿದ್ದರೆ ಕಾಡು ಊರನ್ನು ನುಂಗುತ್ತದೆ. ಅದು ಕಸುಬಿನ ನೇಮ. ವರ್ಷ ವರ್ಷವೂ ಕತ್ತರಿಸಿದರು.

ಮೂರು ವರ್ಷದ ಹಿಂದೆ ಬಿದ್ದ ಹಿಮಕ್ಕೆ ಮಿರೆಯಾ ಹೆಸರಿನ ಕೆಂಪು ಗುಲಾಬಿ ಕಪ್ಪಾಗಿ ಒಣಗಿತು. ಗಂಟಿನ ಕೆಳಗೆ ಒಂದು ಮುಳ್ಳು ಚಿಗುರಷ್ಟೇ ಉಳಿಯಿತು. ಮಿರೆಯಾಳ ತಾಯಿ ದೋನ್ಯಾ ಫ್ರೆಸಿಯಾ ಕೋಲೂರಿಕೊಂಡು ಭಾನುವಾರ ಭಾನುವಾರ ಬರುವ ಮುದುಕಿ. ನೆನಪಿನ ದಿನ ಮಾತ್ರ ಒಮ್ಮೆಯೂ "ಹಾಜರ್" ಎಂದವರಲ್ಲ. "ಇಲ್ಲದೋಳನ್ನ ಹಾಜರ್ ಅಂದ್ರೆ ದೇವರ ಮುಂದೆ ಸುಳ್ಳಾಗಲ್ವಾ?" ಎನ್ನುತ್ತಿದ್ದರು.

ಮೇಲ್ವಿಚಾರಕ ದೋನ್ ಎಲಿಸಿಯೊ ಹೇಳಿದರು: "ಕಿತ್ತು ಹೊಸದು ನೆಡಮ್ಮ. ಅಜ್ಜಿಗೆ ಕಣ್ಣು ಮಂಜು, ಗೊತ್ತಾಗಲ್ಲ." ನೊಲ್ಫಾ ಸಲಿಕೆ ತಂದರು, ಮತ್ತೆ ಒಳಗಿಟ್ಟರು. ಭಾನುವಾರ ಮುದುಕಿಗೆ ನಿಜವನ್ನೇ ಹೇಳಿದರು.

"ಅಮ್ಮಾ, ಗಿಡ ಸತ್ತೋಯ್ತು. ಕಾಡು ಚಿಗುರೊಂದೇ ಇರೋದು. ನಾಳೆ ಹೊಸದು ನೆಡ್ತೀನಿ."

ಮುದುಕಿ ಬಗ್ಗಿ ತಡವಿದರು. ಮುಳ್ಳು ಚುಚ್ಚಿತು. ಬೆರಳು ಚೀಪುತ್ತಾ ನಕ್ಕರು.

"ಮುಟ್ಟಬೇಡ ಇದನ್ನ. ನಮ್ಮನೆ ಬೇಲಿ ಗಿಡ ಕಣೇ ಇದು. ಕಾಯಿ ಬಿಡಿಸೋಕೆ ಹೋಗಿ ಮಿರೆಯಾ ಮೈಯೆಲ್ಲ ಗೀರಿಸ್ಕೊಂಡು ಬರೋಳು. ಬೈದ್ರೆ ಎದುರುತ್ತರ ಬೇರೆ. ಆ ಕೆಂಪು ಗುಲಾಬಿ ಒಂದಿನಾನೂ ಅವಳ ಥರ ಇರಲಿಲ್ಲ ಬಿಡು."

"ಮತ್ತೆ ಇಷ್ಟು ವರ್ಷ ಹೇಳಲೇ ಇಲ್ಲ?"

"ನೀನು ಅಷ್ಟು ಅಕ್ಕರೆಯಿಂದ ನೀರು ಹಾಕ್ತಿದ್ದೆ. ಹೆಂಗೆ ಹೇಳಲಿ?"

ಆ ವರ್ಷ ಮಿರೆಯಾ ಹೆಸರು ಕೂಗಿದಾಗ, ಎಲ್ಲರಿಗಿಂತ ಮೊದಲು ಮುದುಕಿಯ ಸಣ್ಣ ದನಿ ಕೇಳಿತು. "ಹಾಜರ್." ಹೊಸ ಗಿಡದ ಮಾತನ್ನು ದೋನ್ ಎಲಿಸಿಯೊ ಮತ್ತೆ ಎತ್ತಲಿಲ್ಲ.

ಈಗ ಎಲೆ ಉದುರುವ ಕಾಲ. ಆ ಚಿಗುರು ಪೊದೆಯಾಗಿದೆ, ಉಳಿದ ಎಲೆಗಳ ಮರೆಯಲ್ಲಿ ಕೆಂಪು ಕಾಯಿ ತೂಗುತ್ತಿವೆ. ನೊಲ್ಫಾ ಅವನ್ನು ಏಪ್ರನ್ನಿಗೆ ಬಿಡಿಸಿಕೊಳ್ಳುತ್ತಾರೆ. ಅವ್ವನ ಸೌದೆ ಒಲೆಯ ಮೇಲೆ ಇದೇ ಕಾಯಿಯ ಜಾಮ್ ಕುದಿಯುತ್ತಿದ್ದ ವಾಸನೆ, ಹೊರಗೆ ಬಿಡದ ಮಳೆ, ಸೌಟು ನೆಕ್ಕಲು ತಂಗಿಯ ಜೊತೆ ಜಗಳ, ಎಲ್ಲವೂ ಈ ಮುಳ್ಳುಪೊದೆಯ ಬಳಿ ನೆನಪಿಗೆ ಬರುತ್ತವಂತೆ. ಭಾನುವಾರ ಸಂಜೆ ಚಹಾದ ಹೊತ್ತಿಗೆ ಜಾಮ್ ಸವರಿದ ಬ್ರೆಡ್ಡಿನ ಮೊದಲ ತುಣುಕು ದೋನ್ಯಾ ಫ್ರೆಸಿಯಾಗೆ.

ಈ ಚಳಿಗಾಲಕ್ಕೆ ನೊಲ್ಫಾ ನಿವೃತ್ತರಾಗುತ್ತಾರೆ. ಅವರಿಗಿರುವುದು ಒಂದೇ ಚಿಂತೆ.

"ನನ್ನ ಜಾಗಕ್ಕೆ ಬರೋಳು ಕೆಲಸ ಬಲ್ಲವಳಾದ್ರೆ ಮೊದಲು ಈ ಚಿಗುರನ್ನೇ ಕತ್ತರಿಸ್ತಾಳೆ. ಅದಕ್ಕೇ, ಅವಳ ಕೈಗೆ ಕತ್ತರಿ ಕೊಡೋಕೆ ಮುಂಚೆ ಜಾಮ್ ತಿನ್ನಿಸಬೇಕು ಅಂತಿದೀನಿ."