ಸೀರೆ ಕೊಯ್ಯುವವರೆಗೆ

ಒಬ್ಬ ತಾಯಿ ತನ್ನ ಮಗನಿಗೆ ಹೇಳಿ ಕಳಿಸಿದ ಮಾತನ್ನು ನಾನು ಅವನಿಗೆ ತಲುಪಿಸಲಿಲ್ಲ. ಸುತ್ತಲಿನ ವಿವರಗಳಲ್ಲಿ ಕೆಲವು ತಪ್ಪಿರಬಹುದು — ಆ ದಿನ ಸೋಮವಾರವೋ ಮಂಗಳವಾರವೋ, ಮಗ್ಗದ ಮೇಲಿದ್ದ ಸೀರೆಯ ಅಂಚು ಹಸಿರೋ ನೇರಳೆಯೋ, ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ಹಸಿರು. ಆ ವರ್ಷ ನಮ್ಮನೆಯಲ್ಲಿ ಹಸಿರಂಚು ನೇಯಲೇ ಇಲ್ಲ ಅನ್ನುತ್ತಾರೆ ಅತ್ತೆ, ಸೀರೆ ನೇಯಿಸುತ್ತಿದ್ದ ಸೋದರಮಾವನ ಹೆಂಡತಿ. ಇರಬಹುದು. ನೆನಪು ನನ್ನ ಪರವಾಗಿ ಸಾಕ್ಷಿ ಹೇಳಲು ಬಂದಾಗಲೆಲ್ಲ ಅದನ್ನು ಅನುಮಾನಿಸುವುದನ್ನು ಕಲಿತಿದ್ದೇನೆ. ಆದರೆ ಮಾತು ನನ್ನ ಬಾಯಿಯವರೆಗೆ ಬಂದಿತ್ತು, ನಾನು ಆಡಲಿಲ್ಲ — ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ.

ತೊಂಬತ್ತರ ದಶಕದ ಕೊನೆಯ ಭಾಗ. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಚಳ್ಳಕೆರೆಯ ಒಂದು ಸಣ್ಣ ಸಂಸ್ಥೆ ಸೇರಿದ್ದೆ. ಹಿಂಡಿ ಮಾರುವ ಅಂಗಡಿಯ ಮಾಳಿಗೆ ಮೇಲೊಂದು ಕೋಣೆ, ಅದೇ ನಮ್ಮ ಆಫೀಸು. ಜೈಲಿನಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡುವುದು, ಅವರ ಮನೆಯವರ ಜೊತೆ ಮಾತಾಡಿ ಮುರಿದದ್ದನ್ನು ಕೂಡಿಸಲು ನೋಡುವುದು ನಮ್ಮ ಕೆಲಸ. ಕೆಲಸ ಹುಡುಕುವುದು ಅಂದರೆ ಬಹುಪಾಲು ‘ಇಲ್ಲ’ ಅನ್ನಿಸಿಕೊಳ್ಳುವುದು. ಎಣ್ಣೆ ಮಿಲ್ಲಿನವರು ಕೂರಿಸಿ ಟೀ ಕೊಟ್ಟು, “ಬೇಕಾದ್ರೆ ನೀವೇ ಬನ್ನಿ ಮೇಡಂ, ಆಫೀಸಲ್ಲಿ ಕುರ್ಚಿ ಹಾಕ್ಸಿ ಕೊಡ್ತೀನಿ. ಆ ಜನ ಮಾತ್ರ ಬ್ಯಾಡ” ಅನ್ನುತ್ತಿದ್ದರು.

ಚಿತ್ತಯ್ಯ ದೇವಸಮುದ್ರದ ಆಚೆಯ ಹಟ್ಟಿಯವನು. ಕುರಿ ಕಾಯುವ ಮನೆ. ಮಂದೆ ನಿಲ್ಲಿಸುವ ಜಾಗದ ಜಗಳದಲ್ಲಿ ಅವನು ಬೀಸಿದ ಕೋಲು ಸೋದರಮಾವನ ತಲೆಗೆ ಬಿತ್ತು, ಆತ ಉಳಿಯಲಿಲ್ಲ. ಸತ್ತವನು ಇವನ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಶಿಕ್ಷೆಯ ಅಷ್ಟೂ ವರ್ಷ ಆಕೆ ಮಗನನ್ನು ನೋಡಲು ಹೋಗಲಿಲ್ಲ. ಬಿಡುಗಡೆಯಾದ ಮೇಲೆ ಅವನ ಪರವಾಗಿ ನಾನೇ ಹಟ್ಟಿಗೆ ಹೋದೆ. ಆಕೆ ಕಂಬಳಿ ಮೇಲೆ ಕೂತಿದ್ದಳು. ನನ್ನ ಮುಖ ನೋಡಲಿಲ್ಲ.

“ನೀರು ಕುಡ್ದು ಹೋಗವ್ವ. ಅವನ ಮಾತು ಎತ್ತಬ್ಯಾಡ.”

ಮಗಳು ಕ್ಯಾತಮ್ಮ ಬಸ್ಸಿನ ರಸ್ತೆಯವರೆಗೆ ಬಂದು ಕಳಿಸಿಕೊಟ್ಟಳು. ನಮ್ಮ ಆಫೀಸು ಚಳ್ಳಕೆರೆಯಲ್ಲಿ ಎಲ್ಲಿ ಎಂದು ಕೇಳಿ ತಿಳಿದುಕೊಂಡಳು.

ಚಿತ್ತಯ್ಯ ಜೈಲಿನಲ್ಲಿ ನೇಯ್ಗೆ ಕಲಿತಿದ್ದ. ಜಮಖಾನ, ದಪ್ಪ ಬಟ್ಟೆ. ಮೊಳಕಾಲ್ಮುರುವಿನಲ್ಲಿ ನನ್ನ ಸೋದರಮಾವ, ಅಮ್ಮನ ತಮ್ಮ, ರೇಷ್ಮೆ ಸೀರೆ ನೇಯಿಸುತ್ತಿದ್ದರು. ಬೇರೆ ಯಾರೂ ಒಪ್ಪದಿದ್ದಾಗ ಅವರ ಮುಂದೆ ಹೋಗಿ ನಿಂತೆ. ಮಾವ “ನೀನು ಓದಿದ್ದು ಇದಕ್ಕಾ?” ಅಂದು, ಆಮೇಲೆ, “ಬರ್ಲಿ. ಲಾಳಿ ಏನು ಎಲ್ಲಿ ಕಲ್ತೆ ಅಂತ ಕೇಳ್ತೈತಾ?” ಅಂದರು.

ಸತ್ತವನ ಮಕ್ಕಳಿಗೆ ಇನ್ನೂ ಸಿಟ್ಟಿತ್ತು. ಹಾಗಾಗಿ ಚಿತ್ತಯ್ಯ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದ: “ನಾನಿರೋ ಜಾಗ ಯಾರ್ಗೂ ಹೇಳಬ್ಯಾಡ್ರಿ ಮೇಡಮ್ಮೋರೆ. ನಮ್ಮ ಕ್ಯಾತಿಗೂ ಬ್ಯಾಡ, ಅವಳ ಬಾಯಾಗೆ ಮಾತು ನಿಲ್ಲಂಗಿಲ್ಲ. ಸುದ್ದಿ ಏನಾರ ಇದ್ರೆ ನೀವೇ ತರ್ರಿ.” ಒಪ್ಪಿಕೊಂಡೆ. ಅಂದರೆ ಆ ಹಟ್ಟಿಗೂ ಆ ಮಗ್ಗಕ್ಕೂ ನಡುವೆ ಇದ್ದ ದಾರಿ ನಾನೊಬ್ಬಳೇ. ಇದನ್ನು ಆಗ ನಾನು ಹೀಗೆ ಯೋಚಿಸಿರಲಿಲ್ಲ. ಈಗ ಬೇರೆ ಯಾವ ರೀತಿಯಲ್ಲೂ ಯೋಚಿಸಲು ಆಗುವುದಿಲ್ಲ.

ತಿಂಗಳಿಗೊಮ್ಮೆಯಾದರೂ ಹೋಗಿ ನೋಡಿ ಬರುತ್ತಿದ್ದೆ. ಕುಣಿಮಗ್ಗದೊಳಗೆ ಸೊಂಟದವರೆಗೆ ಇಳಿದು ಕೂತು ತುಳಿಯುತ್ತಿರುತ್ತಿದ್ದ. ಮೊದಮೊದಲು ಮಾವ ರೇಗಿಸುತ್ತಿದ್ದರು: “ಲೇ ಚಿತ್ತಯ್ಯ, ಕುರಿ ಅಟ್ಟಿದಂಗೆ ಬಡೀಬ್ಯಾಡಲೇ. ರೇಷ್ಮೆ ಅದು, ಅರಚಂಗಿಲ್ಲ, ಸುಮ್ನೆ ಹರಿತೈತೆ.” ಅವನು ನಗುತ್ತಿದ್ದ. ನಾನು ಹೊರಡುವಾಗ ಪ್ರತಿಸಲವೂ ಅದೇ ಪ್ರಶ್ನೆ — “ಊರ ಕಡೀದು ಏನಾರ ಸುದ್ದಿ ಐತಾ ಮೇಡಮ್ಮೋರೆ?” “ಇಲ್ಲ ಚಿತ್ತಯ್ಯ.” ಆ ‘ಇಲ್ಲ’ಗಳೆಲ್ಲ ನಿಜವಾಗಿದ್ದವು.

ಒಂದು ದಿನ, ಏನೋ ಮಾತಿಗೆ, ಅವನೇ ತಮಾಷೆ ಮಾಡಿದ: “ಅವ್ವ ಕರೆದ್ಲು ಅಂದ್ರೆ ಲಾಳಿ ಇಲ್ಲೇ ಎಸ್ದು ಓಡ್ತೀನಿ ನೋಡ್ರಿ ಸಾವ್ಕಾರ್ರೆ. ತಿರುಗಿ ನೋಡಂಗಿಲ್ಲ. ಆಮ್ಯಾಲೆ ನೀವೇ ತುಳ್ಕೊಳ್ರಿ ಮಗ್ಗ.”

“ಕರಿಯೋ ಅವ್ವ ಆಗಿದ್ರೆ ಇಷ್ಟೊತ್ತಿಗೆ ಕರೀತಿದ್ಲು ಬಿಡಲೇ,” ಅಂದರು ಮಾವ. ಎಲ್ಲರೂ ನಕ್ಕೆವು. ಚಿತ್ತಯ್ಯನೂ ನಕ್ಕ. ನಾನೂ —

ಇಲ್ಲಿ ನೇಯ್ಗೆಯ ಒಂದು ವಿಷಯ ಹೇಳಬೇಕು. ಅಡ್ಡ ಎಳೆಯನ್ನು ಒತ್ತಿ ಕೂರಿಸುವ ಹಲಗೆಯ ಬಡಿತಕ್ಕೆ ಪ್ರತಿಯೊಬ್ಬ ನೇಕಾರನ ಕೈಯಲ್ಲೂ ಒಂದು ತೂಕವಿರುತ್ತದೆ. ಅರ್ಧ ನೇಯ್ದ ಸೀರೆಯನ್ನು ಬೇರೆಯವರು ಮುಂದುವರಿಸಿದರೆ, ಕೈ ಬದಲಾದ ಜಾಗದಲ್ಲಿ ಅಡ್ಡಕ್ಕೆ ಒಂದು ಗೆರೆ ಏಳುತ್ತದೆ. ಬೆಳಕಿಗೆ ಹಿಡಿದರೆ ಯಾರಿಗಾದರೂ ಕಾಣುತ್ತದೆ. ಒಂದು ಕೈಯಲ್ಲಿ ಶುರುವಾದದ್ದನ್ನು ಅದೇ ಕೈ ಮುಗಿಸಬೇಕು. ಮುಗಿದ ಸೀರೆಯನ್ನು ಮಗ್ಗದಿಂದ ಬಿಡಿಸುವುದಕ್ಕೆ ‘ಕೊಯ್ಯುವುದು’ ಅನ್ನುತ್ತಾರೆ. ಆ ಸಲ ಚಿತ್ತಯ್ಯನ ಮಗ್ಗದ ಮೇಲಿದ್ದದ್ದು ರಾಂಪುರದ ಒಂದು ಮನೆಯ ಮದುವೆ ಸೀರೆ. ಮಾವ ಅವನನ್ನು ನಂಬಿ ಕೊಟ್ಟ ಮೊದಲ ದೊಡ್ಡ ಕೆಲಸ. ಕೇರಿಯ ಬೇರೆ ಮಗ್ಗದ ಮನೆಯವರು ನೋಡುತ್ತಿದ್ದರು. ಇವನು ಇದನ್ನು ಚೆನ್ನಾಗಿ ಮುಗಿಸಿದರೆ ನಮ್ಮ ಸಂಸ್ಥೆಯಲ್ಲಿ ಕೆಲಸಕ್ಕೆ ಕಾದಿದ್ದ ಇನ್ನಿಬ್ಬರನ್ನು ತೆಗೆದುಕೊಳ್ಳುವುದಾಗಿ ಹೇಳಿದ್ದರು.

ಆ ಸೀರೆ ಅರ್ಧದಲ್ಲಿದ್ದಾಗ ಕ್ಯಾತಮ್ಮ ಆಫೀಸಿಗೆ ಬಂದಳು. ಮೆಟ್ಟಿಲು ಹತ್ತಿದ ಏದುಸಿರು, ಕಾಲಿನ ತುಂಬ ಧೂಳು. ಕಂಕುಳಲ್ಲಿ ಮಗು ಇತ್ತು ಅಂದುಕೊಂಡಿದ್ದೇನೆ, ಇರಲಿಲ್ಲವೋ ಏನೋ.

“ಅವ್ವ ಉಣ್ಣದು ಬಿಟ್ಟೈತ್ರಿ. ನಿನ್ನೆ ಕಣ್ಣು ಬಿಟ್ಟು ಒಂದೇ ಮಾತು ಅಂದ್ಲು — ‘ವಾಣ್ಣಿ ರಮ್ಮನು.’”

ಅವರ ಮನೆಯೊಳಗಿನ ಮಾತು ತೆಲುಗು. ಅವನನ್ನು ಬರಲು ಹೇಳು — ಅಷ್ಟೇ. ಅಷ್ಟು ವರ್ಷಗಳ ಮೇಲೆ ಅಷ್ಟೇ.

“ನಾನು ಹೇಳ್ತೀನಿ. ಈಗಲೇ ಹೋಗ್ತೀನಿ. ನೀವು ಅವ್ವನ ಹತ್ತಿರ ಇರಿ,” ಅಂದೆ. ಹೋದೆ ಕೂಡ. ಮಧ್ಯಾಹ್ನದ ಬಸ್ಸು ಹಿಡಿದು, ಹಾನಗಲ್ ಕ್ರಾಸಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಹೋದೆ. ಹೇಳುವುದಕ್ಕೆಂದೇ ಹೋದೆ — ಇದನ್ನು ನಾನು ಬಹಳ ವರ್ಷ ನನಗೇ ಹೇಳಿಕೊಳ್ಳುತ್ತಿದ್ದೆ, ಏನೋ ಒಂದು ಪುಣ್ಯದ ಕೆಲಸದಂತೆ.

ಮಾವ ಪಡಸಾಲೆಯಲ್ಲಿ ಸಿಕ್ಕರು. ಅಡುಗೆಮನೆಗೆ ಕರೆದುಕೊಂಡು ಹೋಗಿ ಅವರಿಗೆ ಮೊದಲು ಹೇಳಿದೆ. ಯಾಕೆ ಅವರಿಗೆ ಮೊದಲು? ಆಚೆ ಮಗ್ಗದ ಸದ್ದು ಕೇಳುತ್ತಿತ್ತು. ಒಮ್ಮೆ ಹಟ್ಟಿ ಸೇರಿದರೆ ಇವನು ವಾಪಸು ಬರುತ್ತಾನಾ ಎಂಬ ಮಾತು ಬಂತು. ಅವನ ತಮಾಷೆ ಇಬ್ಬರಿಗೂ ನೆನಪಿತ್ತು. ಸೀರೆ ಇನ್ನೂ ಸೆರಗಿಗೆ ಬಂದಿಲ್ಲ ಅಂದರು ಮಾವ. ಆಮೇಲೆ ನಮ್ಮಿಬ್ಬರಲ್ಲಿ ಒಬ್ಬರು ಅಂದರು: “ಸೀರೆ ಕೊಯ್ದ ಮೇಲೆ ಹೇಳಿದ್ರಾಯ್ತು. ಮುದುಕಿ ಅಲ್ಲೀವರೆಗೂ ಇರ್ತಾಳೆ.”

ಮಾವ ಅಂದರು ಎಂದೇ ನನ್ನ ನೆನಪು. ಆದರೆ ಆ ವಾಕ್ಯವನ್ನು ಮನಸ್ಸಿನಲ್ಲಿ ಆಡಿ ನೋಡಿದಾಗ ಕೆಲವು ಸಲ ಅದು ನನ್ನ ಧ್ವನಿಯಲ್ಲೇ ಕೇಳಿಸುತ್ತದೆ.

ಹೊರಡುವಾಗ ಚಿತ್ತಯ್ಯ ಕುಣಿಯಿಂದಲೇ ಕತ್ತೆತ್ತಿದ. “ಏನ್ರಿ ಮೇಡಮ್ಮೋರೆ, ಈ ಸಲ ಬೇಗ ಬಂದ್ರಲ್ಲ, ನಿಮ್ಮ ಕೈದಿ ಓಡಿಹೋದ ಅಂತ ಅಂದ್ಕೊಂಡ್ರಾ?” ಆಮೇಲೆ ಅದೇ ಪ್ರಶ್ನೆ — “ಊರ ಕಡೀದು ಏನಾರ ಐತಾ?”

“ಏನಿಲ್ಲ ಚಿತ್ತಯ್ಯ.”

ಸೆರಗು ಶುರುವಾಗುವ ಮೊದಲೇ ಆಕೆ ತೀರಿಕೊಂಡಳು. ಕುರಿಗೆ ಹಿಂಡಿ ಕೊಳ್ಳಲು ಕೆಳಗಿನ ಅಂಗಡಿಗೆ ಬಂದಿದ್ದ ಹಟ್ಟಿಯವನೊಬ್ಬ ಹೇಳಿದ: “ಮಣ್ಣಾಗಿ ಹೋತ್ರಿ. ಕೊನೀ ತನಕ ಬಾಗಿಲ ಕಡೀಗೇ ಮಕ ಮಾಡ್ಕಂಡಿತ್ತು ಮುದುಕಿ. ಮಗ ಬರ್ಲೇ ಇಲ್ಲ. ಎಂಥಾ ಎದೀರಿ ಅವಂದು!”

ಮತ್ತೆ ಮೊಳಕಾಲ್ಮುರು. ಸಾವಿನ ಸುದ್ದಿಯನ್ನು ಹೇಳಿದೆ. ಚಿತ್ತಯ್ಯ ಲಾಳಿಯನ್ನು ಮೆಲ್ಲಗೆ ಹಾಸಿನ ಎಳೆಗಳ ಮೇಲಿಟ್ಟ. ಆಮೇಲೆ ಕೇಳಿದ: “ಏನಾರ ಅಂದಿದ್ಲಾ? ನನ್ನ — ಕರೆದಿದ್ಲಾ?”

ಮಾವ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

“ಗೊತ್ತಿಲ್ಲ,” ಅಂದೆ.

ಮೊದಲ ಸುಳ್ಳಿಗೆ ಸೀರೆಯ ನೆಪವಿತ್ತು, ಕಾದಿದ್ದ ಇಬ್ಬರ ನೆಪವಿತ್ತು. ಇದಕ್ಕೆ ಯಾವ ನೆಪವೂ ಇರಲಿಲ್ಲ. ಅವನಿಗೆ ಆಗ ಬೇಕಿದ್ದ ಒಂದೇ ಮಾತು ನನ್ನ ಹತ್ತಿರವಿತ್ತು. ಅದನ್ನು ಕೊಟ್ಟರೆ ನಾನು ಸಿಕ್ಕಿಬೀಳುತ್ತಿದ್ದೆ. ಅಷ್ಟೇ ಕಾರಣ.

“ತಿಥಿಗಾದ್ರೂ ಹೋಗು, ಕಳಿಸ್ತೀನಿ,” ಅಂದರು ಮಾವ. ಅವನು ತಲೆಯಾಡಿಸಿದ. “ಕರೀದೇ ಇದ್ದೋರ ಮನೀಗೆ ಹೆಂಗೆ ಹೋಗ್ಲಿ ಸಾವ್ಕಾರ್ರೆ?” ಮತ್ತೆ ಲಾಳಿ ತೆಗೆದುಕೊಂಡ.

ಸೀರೆ ಕೊಯ್ದ ದಿನ ಮಾವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಕೇರಿಯವರಿಗೆಲ್ಲ ತೋರಿಸಿದರಂತೆ. ಎಲ್ಲಿಯೂ ಗೆರೆಯಿರಲಿಲ್ಲವಂತೆ. ನಮ್ಮ ಇನ್ನಿಬ್ಬರಿಗೂ ಮಗ್ಗ ಸಿಕ್ಕಿತು. ಅವರ ಸಂಸಾರಗಳು ಇವತ್ತೂ ಅಲ್ಲಿವೆ. ಸಂಸ್ಥೆಯಲ್ಲಿ ನನ್ನನ್ನು ಹೊಗಳಿದರು. ಕ್ಯಾತಮ್ಮ ಮತ್ತೆ ಬರಲಿಲ್ಲ. ಯಾಕೆ ಬರುತ್ತಾಳೆ? ಅವಳ ಪಾಲಿಗೆ ನಾನು ಮಾತು ತಲುಪಿಸಿದವಳು, ಅಣ್ಣ ಕಲ್ಲೆದೆಯವನು. ಅಣ್ಣನ ಪಾಲಿಗೆ ಅವ್ವ ಕಲ್ಲೆದೆಯವಳು. ಇಬ್ಬರೂ ನನ್ನನ್ನು ಮಾತ್ರ ಒಳ್ಳೆಯವಳು ಎಂದುಕೊಂಡಿದ್ದಾರೆ.

ಚಿತ್ತಯ್ಯ ಕೆಲವು ವರ್ಷ ಮಾವನ ಹತ್ತಿರವೇ ಇದ್ದ. ನಾನು ಆ ಕೆಲಸ ಬಿಟ್ಟು ಬೇರೆ ಊರಿಗೆ ಹೋದೆ. ಆಮೇಲೆ ಅವನು ಆಂಧ್ರದ ಕಡೆ ಎಲ್ಲೋ ನೇಯಲು ಹೋದನೆಂದು ಅತ್ತೆ ಹೇಳಿದರು. ಯಾವ ಊರೋ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಹೋದ ವಾರ ಮಾವನನ್ನು ನೋಡಲು ಹೋಗಿದ್ದೆ. ಬಸ್ಸಿನುದ್ದಕ್ಕೂ ಒಂದು ಪ್ರಶ್ನೆಯನ್ನು ಸಿದ್ಧಮಾಡಿಕೊಂಡಿದ್ದೆ — ಅಡುಗೆಮನೆಯಲ್ಲಿ ಆ ಮಾತು ಮೊದಲು ಆಡಿದ್ದು ನೀವಾ, ನಾನಾ? ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ ತಟ್ಟನೆ ನಾಚಿಕೆಯಾಯಿತು. ಯಾರು ಆಡಿದ್ದರೇನು? ಕುಣಿಯ ಮುಂದೆ ನಿಂತು ‘ಏನಿಲ್ಲ’ ಅಂದವಳು ನಾನು. ಈ ಪ್ರಶ್ನೆಯನ್ನು ಇಷ್ಟು ವರ್ಷ ಸಾಕಿಕೊಂಡು ಬಂದದ್ದೇ ಅದರ ಅರ್ಧ ಭಾರ ಇನ್ನೊಬ್ಬರ ಮೇಲೆ ಹಾಕಲು. ಬರುವ ಸೋಮವಾರ ದೇವಸಮುದ್ರಕ್ಕೆ ಹೋಗುತ್ತೇನೆ. ಕ್ಯಾತಮ್ಮನ ಮುಂದೆ ಕೂತು ಹೇಳುತ್ತೇನೆ. ಅವಳು ಏನಾದರೂ ಅನ್ನಲಿ.

ಮಾವ ಕಟ್ಟೆಯ ಮೇಲೆ ಕೂತು ರೇಷ್ಮೆ ಎಳೆಯ ಸಿಕ್ಕು ಬಿಡಿಸುತ್ತಿದ್ದರು. ಕಣ್ಣು ಮಂಜಾಗಿದೆ, ಬೆರಳಿಗೆ ಇನ್ನೂ ಎಲ್ಲ ಗೊತ್ತು. ಚಿತ್ತಯ್ಯನ ಹೆಸರು ಎತ್ತಿದ ಕೂಡಲೇ ಆ ಬೆರಳುಗಳು ನಿಂತವು. ನಾನು ಸಿದ್ಧಮಾಡಿಕೊಂಡು ಬಂದಿದ್ದನ್ನು ಕೇಳಲಿಲ್ಲ. ಬೇರೆಯದನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಅತ್ತೆ ಊಟಕ್ಕೆ ಕರೆದರು, ಉಂಡೆವು, ನಾನು ಬಸ್ಸಿಗೆ ಹೊರಟಾಗ ಎಂದಿನಂತೆ ಬಾಗಿಲವರೆಗೆ ಬಂದು ನಿಂತರು, ಆಗಲೂ ಹೇಳಲಿಲ್ಲ.

ನಾನು ಕೇಳಿದ್ದು ಇಷ್ಟು: “ಮಾವ, ಅವನು ನಿಮ್ಮ ಜೊತೆ ಅಷ್ಟು ವರ್ಷ ಇದ್ದನಲ್ಲ — ಅವರವ್ವ ಕರೆದಿದ್ದಳು ಅಂತ ಯಾವತ್ತಾದರೂ ಅವನಿಗೆ ಹೇಳಿದಿರಾ?”